ರಾಷ್ಟ್ರಪತಿ ಯಾರಾಗ್ತಾರೆ? ಮೊದಲು ಕೇಳಿಬಂದ ಹೆಸರಿಗೆ ಪಂಥ ಕಟ್ಟಬೇಡಿ

2017ರ ಜೂನ್‌ನಲ್ಲಿ ಆಫೀಸಿನ ಗೆಳೆಯನ ಜೊತೆ ಮಸಾಲೆ ದೋಸೆ ಪಂಥ ಕಟ್ಟಿದ್ದೆ. ಮುಂದಿನ ರಾಷ್ಟ್ರಪತಿ ಯಾರು ಅಂತ. ನಾನು ಅಡ್ವಾಣಿ ಅಂದೆ, ಅವನು ಸುಷ್ಮಾ ಸ್ವರಾಜ್ ಅಂದ. ಎರಡೂ ಹೆಸರು ಟಿವಿಯಲ್ಲಿ ದಿನವಿಡೀ ಓಡುತ್ತಿದ್ದವು, ನಾವೇನೂ ಗಾಳಿಯಲ್ಲಿ ಗುಂಡು ಹೊಡೆದಿರಲಿಲ್ಲ. ಜೂನ್ 19ರಂದು ಅಮಿತ್ ಶಾ ಪತ್ರಕರ್ತರ ಮುಂದೆ ಕೂತು ರಾಮನಾಥ ಕೋವಿಂದ್ ಅಂದರು. ನಾವಿಬ್ಬರೂ ಮಾಡಿದ ಮೊದಲ ಕೆಲಸ ಫೋನ್ ತೆಗೆದು ಅವರು ಯಾರು ಅಂತ ಹುಡುಕಿದ್ದು. ಬಿಹಾರದ ರಾಜ್ಯಪಾಲರು ಅಂತ ಗೊತ್ತಾಯಿತು. ದೋಸೆ ದುಡ್ಡು ಅರ್ಧರ್ಧ ಹಾಕಿಕೊಂಡೆವು.

ಈಗ ಮತ್ತೆ ಅದೇ ಮಾತು ಶುರುವಾಗಿದೆ. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಅವಧಿ ಮುಗಿಯುವ ಮೊದಲೇ ಮುಂದಿನವರ ಚುನಾವಣೆ ಮುಗಿದಿರಬೇಕು ಅನ್ನುತ್ತದೆ ಸಂವಿಧಾನದ 62ನೇ ವಿಧಿ. ಅಂದರೆ ಹೆಸರುಗಳ ಜಾತ್ರೆಗೆ ಇನ್ನು ತಡೆಯಿಲ್ಲ. ‘ಮೂಲಗಳ ಪ್ರಕಾರ’ ಒಬ್ಬರು, ‘ಅಚ್ಚರಿಯ ಆಯ್ಕೆ’ ಇನ್ನೊಬ್ಬರು, ವಾಟ್ಸಾಪ್‌ನಲ್ಲಿ ಮತ್ತೊಬ್ಬರು. ಹಾಸನದಲ್ಲಿರುವ ನಮ್ಮ ಚಿಕ್ಕಪ್ಪ ಪ್ರತಿ 5 ವರ್ಷಕ್ಕೊಮ್ಮೆ ದೇವೇಗೌಡರ ಹೆಸರು ಹೇಳುತ್ತಾರೆ, ಈ ಸಲವೂ ಹೇಳಿದ್ದಾರೆ. ಗೌಡರಿಗೆ 2027ರ ಮೇ ತಿಂಗಳಲ್ಲಿ 94 ತುಂಬುತ್ತದೆ ಅಂದರೆ, ‘ಆದ್ರೇನಂತೆ’ ಅಂತಾರೆ.

ಯಾರು ಕಣಕ್ಕೆ ಇಳಿಯುತ್ತಾರೆ ಅನ್ನುವ ಪ್ರಶ್ನೆಯೇ ನಮ್ಮಲ್ಲಿ ಸ್ವಲ್ಪ ತಪ್ಪು. ಅಮೆರಿಕದಲ್ಲಿ ಅಭ್ಯರ್ಥಿ ತಾನೇ ನಾನಿದ್ದೇನೆ ಅಂತ ಘೋಷಿಸಿ ದೇಶ ಸುತ್ತುತ್ತಾನೆ. ನಮ್ಮಲ್ಲಿ ಇಳಿಯುವುದಿಲ್ಲ, ಇಳಿಸುತ್ತಾರೆ. ನಾಮಪತ್ರಕ್ಕೆ 50 ಜನ ಸೂಚಕರು, 50 ಜನ ಅನುಮೋದಕರು ಬೇಕು. ಅವರೆಲ್ಲ ಸಂಸದರೋ ಶಾಸಕರೋ ಆಗಿರಬೇಕು. ಮೊದಲು ಹೀಗಿರಲಿಲ್ಲ, ಸುಮ್ನೆ ಒಂದು ಕೈ ನೋಡೋಣ ಅಂತ ನಿಲ್ಲುವವರು ಜಾಸ್ತಿಯಾದರು. 1969ರಲ್ಲಿ ಕಣದಲ್ಲಿ 15 ಜನ ಇದ್ದರು. 1974ರಲ್ಲಿ 10 ಸೂಚಕರು, 10 ಅನುಮೋದಕರು ಬೇಕು ಅಂತ ಮಾಡಿದರು. 1997ರಲ್ಲಿ ಅದನ್ನು 50ಕ್ಕೆ ಏರಿಸಿ, ಠೇವಣಿಯನ್ನು 15,000 ರೂಪಾಯಿ ಮಾಡಿದರು. ಅಲ್ಲಿಗೆ ಪಕ್ಷಗಳ ಬೆಂಬಲವಿಲ್ಲದವರ ಆಟ ಮುಗಿಯಿತು. 2002ರಿಂದ ಪ್ರತಿ ಸಲವೂ ಕಣದಲ್ಲಿ ಇಬ್ಬರೇ.

ಇನ್ನೊಂದು ವಿಷಯ, ನನಗಂತೂ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಗೆದ್ದ ಅಭ್ಯರ್ಥಿಯ ಹೆಸರು ಹೊರಬಿದ್ದ ದಿನಗಳನ್ನು ನೋಡಿ. ಪ್ರತಿಭಾ ಪಾಟೀಲ್, 2007ರ ಜೂನ್ 14. ಪ್ರಣಬ್ ಮುಖರ್ಜಿ, 2012ರ ಜೂನ್ 15. ಕೋವಿಂದ್, 2017ರ ಜೂನ್ 19. ಮುರ್ಮು, 2022ರ ಜೂನ್ 21. ನಾಲ್ಕೂ ಒಂದೇ ವಾರದೊಳಗೆ. ಅಲ್ಲಿಯವರೆಗೆ ನಾವು ಓದುವುದೆಲ್ಲ ಊಹೆ. ಆ ಊಹೆಗಳಲ್ಲಿ ಅರ್ಧಕ್ಕರ್ಧ ಯಾರೋ ಬೇಕಂತಲೇ ತೇಲಿಬಿಟ್ಟವು.

ಕೋವಿಂದ್ ಕಥೆಯನ್ನೇ ತಗೊಳ್ಳಿ. ಅವರ ಹೆಸರು ಬರುವುದಕ್ಕೆ ಕೆಲವೇ ವಾರ ಮುಂಚೆ ಕುಟುಂಬದ ಜೊತೆ ಶಿಮ್ಲಾಕ್ಕೆ ಹೋಗಿದ್ದರು. ಅಲ್ಲಿ ಮಶೋಬ್ರಾದಲ್ಲಿ ರಾಷ್ಟ್ರಪತಿಗಳ ಬೇಸಿಗೆ ನಿವಾಸ ಇದೆ. ನೋಡಿಕೊಂಡು ಬರೋಣ ಅಂತ ಹೋದರೆ, ದೆಹಲಿಯಿಂದ ಮುಂಚೆಯೇ ಅನುಮತಿ ತಂದಿಲ್ಲ ಅಂತ ಒಳಗೆ ಬಿಡಲಿಲ್ಲ. ಎರಡು ತಿಂಗಳಲ್ಲಿ ಆ ಮನೆ ಅವರದ್ದೇ ಆಯಿತು. ಗೇಟಿನ ಹತ್ತಿರ ಇದ್ದವರಿಗೂ ಗೊತ್ತಿರಲಿಲ್ಲ, ಗೇಟಿನಿಂದ ವಾಪಸ್ ಬಂದವರಿಗೂ ಗೊತ್ತಿರಲಿಲ್ಲ. ಇನ್ನು ಸ್ಟುಡಿಯೋದಲ್ಲಿ ಕೂತವರಿಗೆ ಏನು ಗೊತ್ತಿರುತ್ತದೆ?

2022ರಲ್ಲಿ ಇನ್ನೂ ಮಜಾ ಆಯಿತು. ಜೂನ್ 21ರ ಬೆಳಿಗ್ಗೆ ಅಮಿತ್ ಶಾ, ರಾಜನಾಥ್ ಸಿಂಗ್, ಆಗಿನ ಬಿಜೆಪಿ ಅಧ್ಯಕ್ಷ ನಡ್ಡಾ ಮೂವರೂ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರ ಮನೆಗೆ ಹೋದರು. ಸರಿ, ಮುಗೀತಲ್ಲ, ನಾಯ್ಡು ಅವರೇ ಅಂತ ಎಲ್ಲ ಚಾನೆಲ್‌ಗಳೂ ತೀರ್ಮಾನಿಸಿಬಿಟ್ಟವು. ವರ್ಷಗಟ್ಟಲೆ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗುತ್ತಿದ್ದವರು, ಹಾಗಾಗಿ ನಮ್ಮ ಕನ್ನಡ ಚಾನೆಲ್‌ಗಳಿಗೆ ಸ್ವಲ್ಪ ಜಾಸ್ತಿಯೇ ಉತ್ಸಾಹ. ರಾತ್ರಿ ನಡ್ಡಾ ಬಂದು ಹೇಳಿದ್ದು ದ್ರೌಪದಿ ಮುರ್ಮು ಹೆಸರು. ಮರುದಿನ ಬೆಳಿಗ್ಗೆ ಒಡಿಶಾದ ರಾಯರಂಗಪುರದಲ್ಲಿ ಅವರು ಪೊರಕೆ ಹಿಡಿದು ಶಿವನ ಗುಡಿಯ ಅಂಗಳ ಗುಡಿಸುತ್ತಿದ್ದ ವಿಡಿಯೋ ದೇಶವೆಲ್ಲ ನೋಡಿತು.

ಹಾಗಾದರೆ ಈ ಹೆಸರುಗಳನ್ನು ತೇಲಿಬಿಡುವವರು ಯಾರು, ಯಾಕೆ? ಎಷ್ಟೋ ಸಲ ಒಬ್ಬರನ್ನು ಮೇಲೆತ್ತುವುದಕ್ಕಲ್ಲ, ಸುಡುವುದಕ್ಕೆ. 2012ರ ಜೂನ್ 13ರಂದು ಮಮತಾ ಬ್ಯಾನರ್ಜಿ ಸೋನಿಯಾ ಮನೆಯಿಂದ ಹೊರಬಂದವರೇ, ಕಾಂಗ್ರೆಸ್ ಮನಸ್ಸಿನಲ್ಲಿರೋದು ಪ್ರಣಬ್ ಮತ್ತು ಹಮೀದ್ ಅನ್ಸಾರಿ ಅಂತ ಮೈಕ್ ಮುಂದೆ ಹೇಳಿಬಿಟ್ಟರು. ಆಮೇಲೆ ಮುಲಾಯಂ ಸಿಂಗ್ ಜೊತೆ ಕೂತು ತಮ್ಮದೇ ಮೂರು ಹೆಸರು ಕೊಟ್ಟರು: ಅಬ್ದುಲ್ ಕಲಾಂ, ಸೋಮನಾಥ್ ಚಟರ್ಜಿ, ಮತ್ತು ಪ್ರಧಾನಿಯಾಗಿ ಕುರ್ಚಿಯಲ್ಲೇ ಕೂತಿದ್ದ ಮನಮೋಹನ್ ಸಿಂಗ್! ಪ್ರಧಾನಿಯನ್ನು ರಾಷ್ಟ್ರಪತಿ ಮಾಡಿ ಅನ್ನೋದು ಗೌರವವಲ್ಲ, ಕುರ್ಚಿ ಖಾಲಿ ಮಾಡಿಸೋ ಮಾತು. ಎರಡೇ ದಿನದಲ್ಲಿ ಮುಲಾಯಂ ಪ್ರಣಬ್ ಕಡೆ ವಾಲಿದರು, ಮಮತಾ ಒಬ್ಬರೇ ಉಳಿದರು. ಕೊನೆಗೆ ಅವರೂ ಪ್ರಣಬ್‌ಗೇ ಮತ ಹಾಕಿಸಿದರು ಅನ್ನಿ.

ನಮ್ಮವರದೂ ಒಂದು ಉದಾಹರಣೆ ಇದೆ. 2007ರಲ್ಲಿ ಕಲಾಂ ನಂತರ ಯಾರು ಅನ್ನುವಾಗ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಹೆಸರು ಪತ್ರಿಕೆಗಳಲ್ಲಿ ಜೋರಾಗಿ ಓಡಾಡಿತು. ಏಪ್ರಿಲ್‌ನಲ್ಲಿ ಕಲಾಂ ಅವರೇ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿಗೆ ಬಂದರು. ಅಲ್ಲಿ ರಾಷ್ಟ್ರಗೀತೆಯನ್ನು ಹಾಡದೆ ವಾದ್ಯದಲ್ಲಷ್ಟೇ ನುಡಿಸಿದರು, ಅದು ದೊಡ್ಡ ಗಲಾಟೆಯಾಯಿತು, ಮೂರ್ತಿ ಕ್ಷಮೆ ಕೇಳಿದರು. ಆಮೇಲೆ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹೆಸರು ಓಡಾಡದೇ ಇದ್ದಿದ್ದರೆ ಆ ಗಲಾಟೆ ಅಷ್ಟು ದೊಡ್ಡದಾಗುತ್ತಿತ್ತಾ ಅನ್ನೋದು ನನ್ನ ಅನುಮಾನ.

ಸುಟ್ಟ ಹೆಸರು ಚಿಗುರುವುದೂ ಉಂಟು. ಮುರ್ಮು ಹೆಸರು 2017ರಲ್ಲೇ ಕೇಳಿಬಂದಿತ್ತು. ನೀಲಂ ಸಂಜೀವ ರೆಡ್ಡಿ 1969ರಲ್ಲಿ ಸೋತರು, 1977ರಲ್ಲಿ ಅವಿರೋಧವಾಗಿ ಆಯ್ಕೆಯಾದರು.

1969ರ ಮಾತು ಬಂದ ಮೇಲೆ ಬೆಂಗಳೂರನ್ನು ಬಿಟ್ಟು ಮುಂದೆ ಹೋಗೋಕಾಗಲ್ಲ. ಇಂದಿಗೂ ಇದಕ್ಕಿಂತ ರೋಚಕವಾದ ರಾಷ್ಟ್ರಪತಿ ಚುನಾವಣೆ ನಡೆದಿಲ್ಲ, ಮತ್ತು ಅದರ ಬೀಜ ಬಿದ್ದದ್ದು ಇಲ್ಲೇ. ಆ ವರ್ಷ ಮೇ ತಿಂಗಳಲ್ಲಿ ಝಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಗೆ ಜಗಜೀವನ್ ರಾಮ್ ಬೇಕಿತ್ತು. ಪಕ್ಷದ ಸಂಸದೀಯ ಮಂಡಳಿಯ ಹಿರಿಯರು ಬಹುಮತದಿಂದ ಸಂಜೀವ ರೆಡ್ಡಿ ಹೆಸರು ಗಟ್ಟಿ ಮಾಡಿದರು. ಪ್ರಧಾನಿ ತನ್ನದೇ ಪಕ್ಷದ ಸಭೆಯಲ್ಲಿ ಸೋತು ದೆಹಲಿಗೆ ಹೋದರು.

ಹೋದವರು ಸುಮ್ಮನೆ ಕೂರಲಿಲ್ಲ. ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು. 14 ಬ್ಯಾಂಕುಗಳ ರಾಷ್ಟ್ರೀಕರಣ ಮಾಡಿದರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ರೆಡ್ಡಿ ನಾಮಪತ್ರಕ್ಕೆ ಇಂದಿರಾ ಅವರದ್ದೇ ಸಹಿ ಇತ್ತು, ಆದರೂ ‘ಆತ್ಮಸಾಕ್ಷಿಯ ಮತ’ ಹಾಕಿ ಅಂತ ಕರೆ ಹೋಯಿತು. ಈ ಚುನಾವಣೆಯಲ್ಲಿ ಮತ ಹಾಕುವವರು ಅಭ್ಯರ್ಥಿಗಳಿಗೆ 1, 2 ಅಂತ ಕ್ರಮ ಕೊಡುತ್ತಾರೆ, ಮೊದಲ ಎಣಿಕೆಯಲ್ಲಿ ಯಾರೂ ಅರ್ಧ ದಾಟದಿದ್ದರೆ ಎರಡನೇ ಪ್ರಾಶಸ್ತ್ಯ ಲೆಕ್ಕಕ್ಕೆ ಬರುತ್ತದೆ. ಆ ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡು ಮಾತಾಡಿದ್ದೇ ಇಂದಿರಾ ಬಣಕ್ಕೆ ಒಳ್ಳೆ ನೆಪವಾಯಿತು. ಮೊದಲ ಸುತ್ತಿನಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548 (ಇದು ಮತಗಳ ಮೌಲ್ಯ, ಆ ಲೆಕ್ಕ ಮುಂದೆ ಬರುತ್ತದೆ). ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದಾಗ ಗಿರಿ 4,20,077, ರೆಡ್ಡಿ 4,05,427. ಎರಡನೇ ಪ್ರಾಶಸ್ತ್ಯದವರೆಗೂ ಹೋಗಿ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಅದೊಂದೇ. ನವೆಂಬರ್ ಹೊತ್ತಿಗೆ ಕಾಂಗ್ರೆಸ್ ಎರಡು ಹೋಳು.

ಆ ಪೆಟ್ಟಿನ ನೆನಪು ಎಲ್ಲ ಪಕ್ಷಗಳಿಗೂ ಇದೆ ಅಂತ ನನ್ನ ಲೆಕ್ಕ. ಅಭ್ಯರ್ಥಿ ಹೆಸರನ್ನು ಕೊನೆ ಗಳಿಗೆವರೆಗೂ ಮುಷ್ಟಿಯಲ್ಲಿ ಹಿಡಿದುಕೊಳ್ಳೋದು ಸುಮ್ನೆ ನಾಟಕವಲ್ಲ. ಈ ಚುನಾವಣೆಯಲ್ಲಿ ವಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಇಲ್ಲ. ಮತ ಗುಟ್ಟಾಗಿರುತ್ತದೆ, ಅಡ್ಡಮತ ಹಾಕಿದರೂ ಪಕ್ಷಾಂತರ ಕಾಯ್ದೆ ಮುಟ್ಟುವುದಿಲ್ಲ. ಹೆಸರು ಬೇಗ ಹೊರಬಿದ್ದರೆ ಮುನಿಸು ಬಲಿಯೋಕೆ ಅಷ್ಟೇ ಸಮಯ ಸಿಗುತ್ತದೆ.

ಈಗ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಇದಿಲ್ಲದೆ ಹೆಸರುಗಳ ಮಾತು ಬರೀ ಹರಟೆ. ಮತ ಹಾಕೋದು ಆಯ್ಕೆಯಾದ ಸಂಸದರು ಮತ್ತು ಶಾಸಕರು ಮಾತ್ರ. ನಮ್ಮ ವಿಧಾನ ಪರಿಷತ್ತಿನ 75 ಜನಕ್ಕೆ ಮತವಿಲ್ಲ, ರಾಜ್ಯಸಭೆಗೆ ನಾಮಕರಣವಾಗಿರುವ ಸುಧಾ ಮೂರ್ತಿ, ವೀರೇಂದ್ರ ಹೆಗ್ಗಡೆ ಅವರಿಗೂ ಇಲ್ಲ. ಒಬ್ಬೊಬ್ಬ ಶಾಸಕನ ಮತಕ್ಕೆ ಒಂದೊಂದು ಬೆಲೆ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ. ಅದನ್ನು 224ರಿಂದ ಭಾಗಿಸಿ, ಮತ್ತೆ 1,000ದಿಂದ ಭಾಗಿಸಿದರೆ 131. ನಮ್ಮ ಪ್ರತಿ ಶಾಸಕನ ಮತದ ಮೌಲ್ಯ ಅಷ್ಟು. ಉತ್ತರ ಪ್ರದೇಶದವರದ್ದು 208, ಸಿಕ್ಕಿಂನವರದ್ದು 7. ದೇಶದ ಎಲ್ಲ ಶಾಸಕರ ಮೌಲ್ಯ ಕೂಡಿಸಿ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದನ ಮೌಲ್ಯ. 2022ರಲ್ಲಿ ಅದು 700 ಇತ್ತು. ಜಮ್ಮು ಕಾಶ್ಮೀರಕ್ಕೆ ಆಗ ವಿಧಾನಸಭೆ ಇರಲಿಲ್ಲ, ಇಲ್ಲದಿದ್ದರೆ ಹಿಂದಿನಂತೆ 708 ಆಗುತ್ತಿತ್ತು. ಒಟ್ಟು ಮೌಲ್ಯ 10,86,431. ಮುರ್ಮು ಪಡೆದದ್ದು 6,76,803, ಯಶವಂತ್ ಸಿನ್ಹಾ 3,80,177.

ಈ ಲೆಕ್ಕದಲ್ಲಿ ಆಮೇಲೆ ಏನು ಬದಲಾಗಿದೆ ನೋಡಿ. ಲೋಕಸಭೆಯಲ್ಲಿ ಬಿಜೆಪಿ 2019ರ 303ರಿಂದ 2024ರಲ್ಲಿ 240ಕ್ಕೆ ಇಳಿಯಿತು. 63 ಸಂಸದರು ಅಂದರೆ 700ರ ಲೆಕ್ಕದಲ್ಲಿ 44,100 ಹೋಯಿತು. ಆದರೆ ಅದೇ ಬೇಸಿಗೆಯಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಜೊತೆ ಸೇರಿ 164 ಸ್ಥಾನ ಗೆದ್ದಿತು, ಅಲ್ಲಿ ಶಾಸಕನ ಮೌಲ್ಯ 159, ಒಟ್ಟು 26,076. ಒಡಿಶಾದಲ್ಲಿ 78 ಸ್ಥಾನ, ತಲಾ 149, ಒಟ್ಟು 11,622. ಹೋದದ್ದರಲ್ಲಿ ಬಹುಪಾಲು ಇಲ್ಲೇ ವಾಪಸ್ ಬಂತು. 2022ರಲ್ಲಿ ಈ ಎರಡು ರಾಜ್ಯಗಳ ಮತಕ್ಕಾಗಿ ಜಗನ್ ಮತ್ತು ನವೀನ್ ಪಟ್ನಾಯಕ್ ಮುಖ ನೋಡಬೇಕಿತ್ತು. ಈಗ ನಾಯ್ಡು ಮುಖ ನೋಡಬೇಕು, ಅದು ಬೇರೆ ಮಾತು.

ಇನ್ನು ಉತ್ತರ ಪ್ರದೇಶ. 403 ಶಾಸಕರು, ತಲಾ 208, ಒಟ್ಟು 83,824. ನಮ್ಮ ಕರ್ನಾಟಕದ್ದು 29,344. ಅಲ್ಲಿ ವಿಧಾನಸಭೆ ಚುನಾವಣೆ 2027ರ ಮೊದಲ ಭಾಗದಲ್ಲೇ ಬರುತ್ತದೆ, ರಾಷ್ಟ್ರಪತಿ ಚುನಾವಣೆಗೆ ಕೆಲವೇ ತಿಂಗಳು ಮುಂಚೆ. ಅಲ್ಲಿನ ಫಲಿತಾಂಶ ಬರುವ ಮೊದಲು ಯಾರಾದರೂ ಹೆಸರು ಖಚಿತ ಅಂತ ಹೇಳಿದರೆ ನಕ್ಕು ಮುಂದೆ ಹೋಗಿ.

ಹೆಸರು ಆರಿಸುವವರು ಕೇಳಿಕೊಳ್ಳುವ ಪ್ರಶ್ನೆ ಯಾರು ಯೋಗ್ಯರು ಅನ್ನೋದಕ್ಕಿಂತ ಜಾಸ್ತಿ, ಎದುರು ಪಾಳಯದಲ್ಲಿ ಯಾರ ಬಾಯಿ ಕಟ್ಟಬಹುದು ಅನ್ನೋದು. 2007ರಲ್ಲಿ ಪ್ರತಿಭಾ ಪಾಟೀಲ್ ಹೆಸರು ಬಂದಾಗ ಬಿಜೆಪಿ ಜೊತೆಗಿದ್ದ ಶಿವಸೇನೆ ಮರಾಠಿ ಹೆಣ್ಣುಮಗಳಿಗೆ ಇಲ್ಲ ಅನ್ನಲಾಗದೆ ಕಾಂಗ್ರೆಸ್ ಕಡೆಗೆ ಮತ ಹಾಕಿತು. 2022ರಲ್ಲಿ ಮುರ್ಮು ಅಂದ ತಕ್ಷಣ ನವೀನ್ ಪಟ್ನಾಯಕ್‌ಗೆ ಬೇರೆ ದಾರಿಯೇ ಉಳಿಯಲಿಲ್ಲ, ಒಡಿಶಾದ ಮಗಳು. ಜಾರ್ಖಂಡ್‌ನಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ನಡೆಸುತ್ತಿದ್ದ ಹೇಮಂತ್ ಸೊರೇನ್, ಅವರೂ ಮುರ್ಮು ಅವರಂತೆ ಸಂತಾಲ ಬುಡಕಟ್ಟಿನವರೇ, ಹೇಗೆ ಬೇಡ ಅಂತಾರೆ? ವಿರೋಧ ಪಕ್ಷಗಳ ಅಭ್ಯರ್ಥಿ ಸಿನ್ಹಾ ಅದೇ ಜಾರ್ಖಂಡ್‌ನವರು, ಅಲ್ಲೇ ಅವರಿಗೆ ಕೈ ಕೊಟ್ಟರು. ನಮ್ಮ ದೇವೇಗೌಡರು, ಕುಮಾರಸ್ವಾಮಿ ಜೂನ್ 15ರಂದು ಮಮತಾ ಕರೆದ ವಿರೋಧ ಪಕ್ಷಗಳ ಸಭೆಗೆ ಹೋಗಿದ್ದರು. ಜುಲೈನಲ್ಲಿ ಜೆಡಿಎಸ್ ಮುರ್ಮು ಪರ ನಿಂತಿತು.

ಈ ಕನ್ನಡಕ ಹಾಕಿಕೊಂಡು 2027ರ ಕಡೆ ನೋಡಿದರೆ ಏನು ಕಾಣುತ್ತದೆ? ಮೊದಲ ಹೆಸರು ಸಹಜವಾಗಿ ಉಪರಾಷ್ಟ್ರಪತಿ ಸಿ.ಪಿ. ರಾಧಾಕೃಷ್ಣನ್. 2025ರ ಸೆಪ್ಟೆಂಬರ್‌ನಲ್ಲಿ 452 ಮತ ಪಡೆದು ಗೆದ್ದವರು, ತಮಿಳುನಾಡಿನ ತಿರುಪ್ಪೂರಿನವರು. ಕಲಾಂ 2007ರಲ್ಲಿ ಇಳಿದ ಮೇಲೆ ದಕ್ಷಿಣದವರು ಯಾರೂ ರಾಷ್ಟ್ರಪತಿ ಭವನಕ್ಕೆ ಹೋಗಿಲ್ಲ, 20 ವರ್ಷ ಆಗುತ್ತದೆ. ಕ್ಷೇತ್ರ ಮರುವಿಂಗಡಣೆ ಬಗ್ಗೆ ದಕ್ಷಿಣದಲ್ಲಿ ಅಸಮಾಧಾನ ಇರುವಾಗ ಈ ವಾದಕ್ಕೆ ತೂಕ ಇದೆ. ಆದರೂ ನಾನು ಅದಕ್ಕೆ ದೋಸೆ ಕಟ್ಟಲ್ಲ. ಉಪರಾಷ್ಟ್ರಪತಿ ಹುದ್ದೆ ಒಂದು ಕಾಲದಲ್ಲಿ ಮೆಟ್ಟಿಲಾಗಿತ್ತು ನಿಜ, ಆರು ಜನ ಹಾಗೆ ಹತ್ತಿದರು. ಕೊನೆಯವರು 1997ರಲ್ಲಿ ಕೆ.ಆರ್. ನಾರಾಯಣನ್. ಆಮೇಲೆ ಆ ಮೆಟ್ಟಿಲು ಕುಸಿದಿದೆ. 2002ರಲ್ಲಿ ಕೃಷ್ಣಕಾಂತ್ ಅವರಿಗೆ ಆಸೆ ತೋರಿಸಿ ಕೈಬಿಟ್ಟರು, ಕಲಾಂ ಪ್ರಮಾಣವಚನ ಮುಗಿದ ಎರಡೇ ದಿನಕ್ಕೆ ಅವರು ತೀರಿಕೊಂಡರು. 2007ರಲ್ಲಿ ಶೇಖಾವತ್ ನಿಂತು ಸೋತರು. 2012ರಲ್ಲಿ ಅನ್ಸಾರಿ ಅವರನ್ನು ಬಿಟ್ಟರು, 2022ರಲ್ಲಿ ನಾಯ್ಡು ಅವರನ್ನು ಬಿಟ್ಟರು.

ಮುರ್ಮು ಅವರಿಗೇ ಇನ್ನೊಂದು ಅವಧಿ? ಸಂವಿಧಾನದ ಅಡ್ಡಿ ಇಲ್ಲ. ಆದರೆ ಎರಡು ಸಲ ಆಯ್ಕೆಯಾದವರು ರಾಜೇಂದ್ರ ಪ್ರಸಾದ್ ಒಬ್ಬರೇ, ಅದೂ 1957ರಲ್ಲಿ. ಅಲ್ಲದೆ ಯಾರಿಗೂ ಎರಡನೇ ಅವಧಿ ಕೊಡದೆ ಹೋದರೆ ಪ್ರತಿ 5 ವರ್ಷಕ್ಕೊಮ್ಮೆ ಒಂದು ಹೊಸ ಸಮುದಾಯಕ್ಕೆ, ಒಂದು ಹೊಸ ರಾಜ್ಯಕ್ಕೆ ಸಂದೇಶ ಕಳಿಸಬಹುದು. ಆ ಅವಕಾಶವನ್ನು ಯಾವ ಪಕ್ಷ ಬಿಡುತ್ತೆ ಹೇಳಿ.

ಕನ್ನಡಿಗರು? ಬಿ.ಡಿ. ಜತ್ತಿ 1977ರಲ್ಲಿ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು, ಅಷ್ಟೇ. ಜಮಖಂಡಿ ಸೀಮೆಯ ಸಾವಳಗಿಯವರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಾಗದಕ್ಕೆ ಸಹಿ ಹಾಕೋಕೆ ಹಿಂದೆಮುಂದೆ ನೋಡಿ ಆಗಿನ ಜನತಾ ಸರ್ಕಾರದ ಬೆವರಿಳಿಸಿದ್ದರು. ಆಯ್ಕೆಯಾಗಿ ಆ ಕುರ್ಚಿಯಲ್ಲಿ ಕೂತ ಕನ್ನಡಿಗರು ಇಲ್ಲ. ಬಾಯಿ ಕಟ್ಟುವ ಲೆಕ್ಕದಲ್ಲಿ ನೋಡಿದರೆ ಇದು ಕೆಟ್ಟ ಆಯ್ಕೆಯೇನಲ್ಲ. 2023ರಲ್ಲಿ ಕಾಂಗ್ರೆಸ್ ಇಲ್ಲಿ 135 ಸ್ಥಾನ ಗೆದ್ದಿತು, 131ರಂತೆ 17,685. ಬಿಜೆಪಿ ಒಬ್ಬ ಕನ್ನಡಿಗರನ್ನು ನಿಲ್ಲಿಸಿದರೆ ಬೆಂಗಳೂರಿನ ಕಾಂಗ್ರೆಸ್‌ಗೆ ಮುಜುಗರ ತಪ್ಪಿದ್ದಲ್ಲ, ಅದಕ್ಕಿಂತ ಜಾಸ್ತಿ ಮಲ್ಲಿಕಾರ್ಜುನ ಖರ್ಗೆ ಅವರಿಗೆ. ಆದರೆ ಅಷ್ಟು ಸಣ್ಣ ಗಂಟಿಗಾಗಿ ಅಷ್ಟು ದೊಡ್ಡ ಹುದ್ದೆ ಕೊಡುತ್ತಾರೆ ಅಂತ ನನಗನಿಸಲ್ಲ. ಉತ್ತರ ಪ್ರದೇಶ, ಬಿಹಾರದ ಲೆಕ್ಕವೇ ಬೇರೆ.

ವಿರೋಧ ಪಕ್ಷಗಳದ್ದು ಇನ್ನೂ ಕಷ್ಟ. ಸೋಲುವ ಕಣಕ್ಕೆ ಯಾರು ಬರ್ತಾರೆ? 2022ರಲ್ಲಿ ಶರದ್ ಪವಾರ್ ಒಲ್ಲೆ ಅಂದರು, ಫಾರೂಕ್ ಅಬ್ದುಲ್ಲಾ ಒಲ್ಲೆ ಅಂದರು, ಗೋಪಾಲಕೃಷ್ಣ ಗಾಂಧಿ ಕೂಡ ಒಲ್ಲೆ ಅಂದರು. ನಾಲ್ಕನೆಯವರು ಸಿನ್ಹಾ. ಸಾಮಾನ್ಯವಾಗಿ ಅವರು ಮಾಡೋದು ಆಳುವವರ ಹೆಸರಿಗೆ ಉತ್ತರ ಕೊಡುವ ಕೆಲಸ. ಕೋವಿಂದ್ ಹೆಸರು ಬಂದ ಮೂರು ದಿನಕ್ಕೆ ಮೀರಾ ಕುಮಾರ್ ಹೆಸರು ಬಂತು, ದಲಿತರಿಗೆ ಎದುರಾಗಿ ದಲಿತರು. 2025ರಲ್ಲಿ ತಮಿಳುನಾಡಿನ ರಾಧಾಕೃಷ್ಣನ್ ಎದುರು ತೆಲಂಗಾಣದ ನ್ಯಾಯಮೂರ್ತಿ ಸುದರ್ಶನ ರೆಡ್ಡಿ ಅವರನ್ನು ನಿಲ್ಲಿಸಿ ತೆಲುಗು ಪಕ್ಷಗಳನ್ನು ಇಕ್ಕಟ್ಟಿಗೆ ಸಿಲುಕಿಸಲು ನೋಡಿದರು. ಬಾಯಿ ಕಟ್ಟುವ ಆಟ ಅವರಿಗೂ ಬರುತ್ತದೆ, ಗಂಟಲ್ಲಿ ಮತ ಇಲ್ಲ ಅಷ್ಟೇ.

ಈ ಸಲವೂ ಅದೇ ಗೆಳೆಯನ ಜೊತೆ ಪಂಥ ಆಗಿದೆ. ಅವನು ರಾಧಾಕೃಷ್ಣನ್ ಅಂತ ಬರೆದು ಮಡಚಿ ಕೊಟ್ಟ. ನಾನು ಹೆಸರು ಬರೆಯಲಿಲ್ಲ. ಪ್ರತಿಭಾ ಪಾಟೀಲ್ ರಾಜಸ್ಥಾನದ ರಾಜ್ಯಪಾಲರಾಗಿದ್ದರು, ಕೋವಿಂದ್ ಬಿಹಾರದ ರಾಜ್ಯಪಾಲರು, ಮುರ್ಮು ಜಾರ್ಖಂಡ್‌ನ ಮಾಜಿ ರಾಜ್ಯಪಾಲರು. ಕೊನೆಯ ನಾಲ್ವರಲ್ಲಿ ಮೂವರು. 2025ರಲ್ಲಿ ಉಪರಾಷ್ಟ್ರಪತಿ ಆಯ್ಕೆ ಹೊತ್ತಿಗೆ ನಮ್ಮ ರಾಜಭವನಕ್ಕೆ 2021ರಲ್ಲಿ ಬಂದ ಥಾವರ್‌ಚಂದ್ ಗೆಹ್ಲೋಟ್ ಹೆಸರೂ ಕೇಳಿಬಂದಿತ್ತು. ಹಾಗಾಗಿ ನನ್ನ ಚೀಟಿಯಲ್ಲಿ ‘ಟಿವಿಯಲ್ಲಿ ಯಾರೂ ಹೇಳದ ಒಬ್ಬ ಹಾಲಿ ಅಥವಾ ಮಾಜಿ ರಾಜ್ಯಪಾಲ’ ಅಂತ ಬರೆದೆ. ಅವನು ಒಪ್ಪುತ್ತಿಲ್ಲ. ರಾಧಾಕೃಷ್ಣನ್ ಕೂಡ ಮಾಜಿ ರಾಜ್ಯಪಾಲರೇ ತಾನೆ, ಇದು ಮೋಸ, ಹೆಸರು ಬರಿ ಅಂತ ಜಗಳ ತೆಗೆದಿದ್ದಾನೆ. ಜೂನ್ 14ರವರೆಗೆ ಟೈಮ್ ಕೊಡು ಅಂದಿದ್ದೇನೆ.